ಹೆದ್ದಾರಿ ಪಕ್ಕದ ತೋಟದಲ್ಲಿ ಡ್ರೈವ್-ಥ್ರೂ: ಪಂಚಾಯ್ತಿ ಲೈಸೆನ್ಸ್ ಕೊನೇ ಕೆಲಸ

ಅಣ್ಣಾ, ನೀವು ಕೇಳಿರೋದು ಇಷ್ಟು: ತುಮಕೂರಿಂದ ಶಿರಾ ಕಡೆ 48ನೇ ರಾಷ್ಟ್ರೀಯ ಹೆದ್ದಾರಿಗೆ ಅಂಟಿಕೊಂಡು 1 ಎಕರೆ 10 ಗುಂಟೆ ತೆಂಗಿನ ತೋಟ ಇದೆ, ರಸ್ತೆ ಮುಖ 40 ಮೀಟರ್. ಅದರಲ್ಲಿ 20 ಗುಂಟೆ ತೆಗೆದು ಎಳನೀರು, ತಟ್ಟೆ ಇಡ್ಲಿ, ಕಾಫಿನ ಕಾರಲ್ಲಿ ಕೂತಿದ್ದಂಗೇ ಕೊಡೋ ಡ್ರೈವ್-ಥ್ರೂ ಮಾಡ್ಬೇಕು, ಪಂಚಾಯ್ತಿ ಲೈಸೆನ್ಸ್ ಸಾಕಾ ಅಂತ. ಸಾಕಾಗಲ್ಲ. ಈ ಗುಂಪಲ್ಲಿ ಮೇಲೆ ಒಬ್ಬರು "ಪಿಡಿಒ ಹತ್ರ ಮಾತಾಡಿ, ಎಲ್ಲಾ ಆಗುತ್ತೆ" ಅಂತ ಬರೆದಿದಾರೆ. ಪಿಡಿಒ ಸಹಿ ಹಾಕಿದ ಮಾತ್ರಕ್ಕೆ ಹೆದ್ದಾರಿಯವರ ಗೆರೆ ಹಿಂದೆ ಸರಿಯಲ್ಲ. ಕಟ್ಟಿದ ಮೇಲೆ ಕೆಡವಿಸಿಕೊಳ್ಳೋರು ಸಾಮಾನ್ಯವಾಗಿ ಪಂಚಾಯ್ತಿ ಲೈಸೆನ್ಸ್ ಅನ್ನೋ ಈ ಕೊನೇ ಕಾಗದವನ್ನೇ ಮೊದಲು ಮಾಡಿಸಿಕೊಂಡಿರ್ತಾರೆ.

ಮೊದಲು ಟೇಪು ಹಿಡೀರಿ. ಊರಿಂದಾಚೆ ರಾಷ್ಟ್ರೀಯ ಹೆದ್ದಾರಿಗೆ ಕಟ್ಟಡ ರೇಖೆ ರಸ್ತೆಯ ಮಧ್ಯರೇಖೆಯಿಂದ 40 ಮೀಟರ್, ನಿಯಂತ್ರಣ ರೇಖೆ 75 ಮೀಟರ್. 40ರ ಒಳಗೆ ಕಟ್ಟಡ ಇಲ್ಲವೇ ಇಲ್ಲ. 40ರಿಂದ 75ರವರೆಗೆ ಹೆದ್ದಾರಿಯವರ ಒಪ್ಪಿಗೆ ಬೇಕು. 20 ಗುಂಟೆ ಅಂದ್ರೆ ಸುಮಾರು 2,023 ಚದರ ಮೀಟರ್, 40 ಮೀಟರ್ ಮುಖಕ್ಕೆ ಆಳ 50 ಮೀಟರ್ ಬರುತ್ತೆ. ನಿಮ್ಮ ಹತ್ರ ಹೆದ್ದಾರಿಯ ಒಟ್ಟು ಜಾಗ 60 ಮೀಟರ್ ಅಗಲ ಇದ್ರೆ ನಿಮ್ಮ ಬೇಲಿ ಮಧ್ಯರೇಖೆಯಿಂದ 30 ಮೀಟರ್‌ಗೆ ನಿಲ್ಲುತ್ತೆ. ಇನ್ನು 10 ಮೀಟರ್, ಅಂದ್ರೆ ಸುಮಾರು 4 ಗುಂಟೆ, ಖಾಲಿ ಬಿಡಬೇಕು. ಅಗಲ 45 ಮೀಟರ್ ಮಾತ್ರ ಆದ್ರೆ 17.5 ಮೀಟರ್ ಬಿಡಬೇಕು, ಹತ್ತಿರ ಹತ್ತಿರ 7 ಗುಂಟೆ. ಆ ಪಟ್ಟಿಯಲ್ಲಿ ಚಾವಣಿ, ಸಂಪು, ಸೆಪ್ಟಿಕ್ ಟ್ಯಾಂಕ್, ದೊಡ್ಡ ಬೋರ್ಡಿನ ಕಂಬ ಏನೂ ಬೇಡ. ಕಾರು ಓಡಾಡೋ ದಾರಿ ತೋರಿಸಬಹುದು, ಅದನ್ನೂ ನಕ್ಷೆಯಲ್ಲಿ ಬರೆದು ಒಪ್ಪಿಗೆ ತಗೊಳ್ಳಿ. ಡಿವೈಡರ್ ನಡುವೆ ಇರೋದೇ ಮಧ್ಯರೇಖೆ ಅಂತ ಅಂದಾಜಲ್ಲಿ ಹೋಗ್ಬೇಡಿ. ಅಗಲೀಕರಣ ಒಂದೇ ಪಕ್ಕಕ್ಕೆ ಆಗಿರೋ ಕಡೆ ಲೆಕ್ಕ ತಪ್ಪುತ್ತೆ, ಹೆದ್ದಾರಿ ಕಚೇರಿಯ ನಕ್ಷೆ ನೋಡಿಯೇ ಗುರುತು ಹಾಕಿಸಿ. ಅಲ್ಲೇ ಇನ್ನೊಂದು ಕೇಳಿ: ನಿಮ್ಮ ಸರ್ವೆ ನಂಬರಿಗೆ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಅಧಿಸೂಚನೆ (ಹೆದ್ದಾರಿಗೆ ಜಮೀನು ತಗೊಳ್ತೀವಿ ಅನ್ನೋ ಸೂಚನೆ) ಆಗಿದೆಯಾ ಅಂತ. ಆಗಿದ್ರೆ ಮುಂದಿನ ಖರ್ಚೇ ಬೇಡ.

ಎರಡನೇದು, ಹೆದ್ದಾರಿಯಿಂದ ಒಳಗೆ ಬರೋ ದಾರಿಯ ಅನುಮತಿ. ಜಮೀನು ನಿಮ್ಮದೇ ಆದ್ರೂ ಹೆದ್ದಾರಿಯಿಂದ ಒಳಗೆ ತಿರುಗೋ ಹಕ್ಕು ತಾನಾಗಿ ಬರಲ್ಲ. 2002ರ ಹೆದ್ದಾರಿ ನಿಯಂತ್ರಣ ಕಾಯ್ದೆ ಪ್ರಕಾರ ಅದಕ್ಕೆ ಬೇರೆ ಅನುಮತಿ ಬೇಕು. ಕ್ರಮ ಹೇಗಂತ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2020ರ ಜೂನ್ ಮಾರ್ಗಸೂಚಿಯಲ್ಲಿದೆ. ಮೊದಲು ತಾತ್ಕಾಲಿಕ ಒಪ್ಪಿಗೆ ಕೊಡ್ತಾರೆ, ಒಪ್ಪಿದ ನಕ್ಷೆಯಂತೆ ಕಟ್ಟಿ ತೋರಿಸಿದ ಮೇಲೆ ಅಂತಿಮ. ಸರ್ವಿಸ್ ರೋಡ್ ಇದ್ರೆ ನಿಮ್ಮ ಅದೃಷ್ಟ, ಬರೋದು ಹೋಗೋದು ಅದರ ಮೇಲೇ ಆಗಬೇಕು. ಇಲ್ದಿದ್ರೆ ವೇಗ ತಗ್ಗಿಸೋಕೆ, ಮತ್ತೆ ವೇಗ ಹಿಡಿಯೋಕೆ ಪಕ್ಕದ ಲೇನ್ ಕೇಳ್ತಾರೆ. ಬಂಕ್‌ಗಳಿಗೆ ಕೇಳೋ ಅಳತೆ 70 ಮತ್ತು 100 ಮೀಟರ್, ನಿಮ್ಮ ಮುಖ 40. ಕ್ರಾಸ್, ಮೇಲ್ಸೇತುವೆ, ಟೋಲ್ ಹತ್ತಿರ ಇದ್ರೂ ದೂರದ ಮಿತಿ ಅಡ್ಡ ಬರುತ್ತೆ. ರಸ್ತೆ ಬದಿ ಚರಂಡಿಗೆ ಮಣ್ಣು ತುಂಬಿ ದಾರಿ ಮಾಡೋದು ಎಲ್ಲರೂ ಮಾಡೋ ತಪ್ಪು, ಮಳೆಗಾಲದಲ್ಲಿ ಪಕ್ಕದ ತೋಟಕ್ಕೆ ನೀರು ನುಗ್ಗಿ ದೂರು ಅಲ್ಲಿಂದಲೇ ಹುಟ್ಟುತ್ತೆ. ಚರಂಡಿ ಮೇಲೆ ಸ್ಲ್ಯಾಬ್ ಹಾಕಿ, ಗ್ರಿಲ್ ಬಿಡಿ.

ಮೂರನೇದು ವಲಯ, ಅಂದ್ರೆ ಯಾವ ಜಾಗ ಯಾವ ಬಳಕೆಗೆ ಅನ್ನೋ ವಿಚಾರ. ನಿಮ್ಮ ಊರು ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶದೊಳಗಿದ್ರೆ ಮಹಾ ಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ನಿಮ್ಮ ಸರ್ವೆ ನಂಬರ್ ಯಾವ ವಲಯ ಅಂತ ಲಿಖಿತ ದೃಢೀಕರಣ ತಗೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ. ವಲಯ ನಿಯಮಾವಳಿಯಲ್ಲಿ ಡ್ರೈವ್-ಥ್ರೂ ಅನ್ನೋ ಹೆಸರು ಹುಡುಕ್ತಾ ಕೂರ್ಬೇಡಿ, ಹೋಟೆಲ್ ಅಂದ್ರೆ ವಾಣಿಜ್ಯ ಬಳಕೆ ಅಂತಲೇ ನೋಡ್ತಾರೆ. ಕೃಷಿ ವಲಯದಲ್ಲಿ ಹೆದ್ದಾರಿ ಸೌಲಭ್ಯಕ್ಕೆ ಅವಕಾಶ ಇದೆ ಅಂತ ಕೆಲವರು ಧೈರ್ಯ ಕೊಡ್ತಾರೆ. ಅದರಲ್ಲಿ ಪೆಟ್ರೋಲ್ ಬಂಕ್, ವೇಬ್ರಿಡ್ಜ್, ಚೆಕ್‌ಪೋಸ್ಟ್ ಅಂತ ಬಿಡಿಸಿ ಬರೆದಿದ್ರೆ ನಿಮ್ಮ ಇಡ್ಲಿ ಅಂಗಡಿ ಅದರೊಳಗೆ ಬರಲ್ಲ. ವಲಯ ಹೊಂದಲಿಲ್ಲ ಅಂದ್ರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಕೆಳಗೆ ಭೂಬಳಕೆ ಬದಲಾವಣೆಗೆ ಅರ್ಜಿ. ಪತ್ರಿಕಾ ಪ್ರಕಟಣೆ, ಆಕ್ಷೇಪಣೆ, ಸರ್ಕಾರದ ಒಪ್ಪಿಗೆ ಅಂತ ಉದ್ದದ ದಾರಿ. ಅದು ಮುಗಿಯೋವರೆಗೆ ಸಾಲ ಎತ್ತಬೇಡಿ. ಕೋಲಾರ, ಚಿಕ್ಕಬಳ್ಳಾಪುರ ಕಡೆಯವರಿಗೂ ಇದೇ ಕ್ರಮ, ಹೆದ್ದಾರಿ ಮಾತ್ರ 75 ಮತ್ತು 44.

ಆಮೇಲೆ ಭೂ ಪರಿವರ್ತನೆ, ಅಂದ್ರೆ ಕೃಷಿ ಜಮೀನನ್ನ ಬೇರೆ ಬಳಕೆಗೆ ಬದಲಿಸೋ ಆದೇಶ, ಭೂಕಂದಾಯ ಕಾಯ್ದೆ 95ನೇ ಕಲಂ. 20 ಗುಂಟೆ ಮಾತ್ರ ಅಂದ್ರೆ ಮೋಜಿಣಿಯಲ್ಲಿ (ಸರ್ವೆ ಇಲಾಖೆಯ ಅರ್ಜಿ ವ್ಯವಸ್ಥೆ) ಆ ಭಾಗ ಬೇರೆ ಮಾಡಿ ತೋರಿಸೋ 11ಇ ನಕ್ಷೆ ಮಾಡಿಸಲೇಬೇಕು. ಪಹಣಿಯಲ್ಲಿ ಅಣ್ತಮ್ಮಂದಿರ ಹೆಸರು ಜಂಟಿ ಇದ್ರೆ ಎಲ್ಲರ ಸಹಿ ಬೇಕು. ಮಂಜೂರಾದ ಜಮೀನಾದ್ರೆ ಪಿಟಿಸಿಎಲ್ (ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯೋ ಕಾಯ್ದೆ) ಬರುತ್ತಾ ನೋಡಿ, ಬಿ ಖರಾಬು (ದಾರಿ, ಹಳ್ಳದಂಥ ಸಾರ್ವಜನಿಕ ಜಾಗ) ಸೇರಿದೆಯಾ ನೋಡಿ. ಉದ್ದೇಶದ ಜಾಗದಲ್ಲಿ ವಾಣಿಜ್ಯ ಅಂತಲೇ ಇರಲಿ. ವಾಸಕ್ಕೆ ಅಂತ ಮಾಡಿಸಿ ಹೋಟೆಲ್ ನಡೆಸಿದ್ರೆ 96ನೇ ಕಲಂ ದಂಡ ಬರುತ್ತೆ. ತೋಟದ ಮನೆ ಅಂತ ಕಟ್ಟಿ ಕಿಟಕಿ ತೆಗೆದು ಕಾಫಿ ಮಾರೋ ಉಪಾಯವೂ ಅಷ್ಟೇ. ಇಷ್ಟೂ ಆದ ಮೇಲೆ ಪ್ರಾಧಿಕಾರದ ನಕ್ಷೆ ಮಂಜೂರಾತಿ, ಇ-ಸ್ವತ್ತು (ಪಂಚಾಯ್ತಿಯ ಆಸ್ತಿ ದಾಖಲೆ), ಪಂಚಾಯ್ತಿ ಲೈಸೆನ್ಸ್, ಆಹಾರ ಸುರಕ್ಷತೆ ನೋಂದಣಿ. ತೋಟದ ಪಂಪಿನ (ಐಪಿ ಸೆಟ್) ಕರೆಂಟಿಂದ ಅಂಗಡಿಗೆ ಒಂದು ಬಲ್ಬೂ ಹಾಕ್ಬೇಡಿ. ಬೆಸ್ಕಾಂ ವಿಜಿಲೆನ್ಸ್ ಬಂದ್ರೆ ಉಚಿತ ಪಂಪ್‌ಸೆಟ್ ಸಂಪರ್ಕಕ್ಕೂ ಕುತ್ತು. ಎಲ್‌ಟಿ-3 ಅನ್ನೋ ವಾಣಿಜ್ಯ ಮೀಟರ್ ಬೇರೆ ತಗೊಳ್ಳಿ.

ಇನ್ನು ಕಾರು ಸಾಲು. ಅಧಿಕಾರಿಗಳು ನಕ್ಷೆಯಲ್ಲಿ ಮೊದಲು ನೋಡಬೇಕಾದ್ದು ಸಾಲು ಹೆದ್ದಾರಿಗೆ ಬರುತ್ತಾ ಅನ್ನೋದನ್ನ. ನಮ್ಮ ಡ್ರೈವರ್ ಬಲಗಡೆ ಕೂತಿರ್ತಾನೆ, ತಿಂಡಿ ಕೊಡೋ ಕಿಟಕಿ ಅವನ ಬಲಕ್ಕೇ ಬರಬೇಕು. ಇಂಟರ್‌ನೆಟ್ಟಲ್ಲಿ ಸಿಗೋ ಅಮೆರಿಕದ ನಕ್ಷೆ ಹಾಗೇ ಇಳಿಸಿದ್ರೆ ಇಡ್ಲಿ ಪೊಟ್ಟಣ ಪಕ್ಕದ ಸೀಟಿನವರ ಕೈಗೆ. ವಾಹನ ಬರೋ ದಿಕ್ಕಿನ ತುದಿಯಲ್ಲಿ ಒಳಗೆ ತಗೊಳ್ಳಿ, ಕಟ್ಟಡದ ಹಿಂದಿನಿಂದ ಪ್ರದಕ್ಷಿಣೆ ಹಾಕಿಸಿ, ಆಚೆ ತುದಿಯಲ್ಲಿ ಹೊರಗೆ ಬಿಡಿ. ಹೀಗೆ ಮಾಡಿದ್ರೆ ಕಟ್ಟಡ ಉದ್ದಕ್ಕೂ ಬಲಕ್ಕಿರುತ್ತೆ, ಕಾರುಗಳೂ ಒಂದನ್ನೊಂದು ದಾಟಲ್ಲ. ಕಿಟಕಿ ಮೂರನೇ ಬದಿಯಲ್ಲಿ, ಅಂದ್ರೆ ಹೊರಗೆ ಹೋಗೋ ಬದಿಯಲ್ಲಿ ಇಡಿ. ಒಂದು ಕಾರಿಗೆ 6 ಮೀಟರ್ ಲೆಕ್ಕ ಹಾಕಿ, ಪ್ರವೇಶದಿಂದ ಕಿಟಕಿವರೆಗೆ 60 ಮೀಟರ್ ಸಿಕ್ಕಿದ್ರೆ ಹತ್ತು ಕಾರು ಒಳಗೇ ನಿಲ್ಲುತ್ತೆ. ಕಾರಿಗೆ 90 ಸೆಕೆಂಡ್ ಆದ್ರೆ ಗಂಟೆಗೆ 40 ಕಾರು, 3 ನಿಮಿಷ ಆದ್ರೆ 20 ಅಷ್ಟೇ. ಬೇಯೋಕೆ ಹೊತ್ತು ಹಿಡಿಯೋ ತಟ್ಟೆ ಇಡ್ಲಿ ಆರ್ಡರ್ ಬಂದ ಮೇಲೆ ಇಡೋ ವಸ್ತು ಅಲ್ಲ. ತಡ ಆಗೋ ಕಾರನ್ನ ಕಿಟಕಿ ದಾಟಿಸಿ ಮುಂದೆ ನಿಲ್ಲಿಸೋಕೆ ಮೂರು ಜಾಗ ಬಿಡಿ.

ಲೇನ್ ಅಗಲ 3.5 ಮೀಟರ್, ಪಕ್ಕದಲ್ಲಿ ತಪ್ಪಿಸಿಕೊಂಡು ಹೋಗೋಕೆ ಇನ್ನೊಂದು 3 ಮೀಟರ್. ಇಲ್ದಿದ್ರೆ ಒಂದು ಕಾರು ಕೆಟ್ಟು ನಿಂತ್ರೆ ಅಂಗಡಿಯೇ ನಿಂತಂಗೆ. ಕಿಟಕಿ ಮುಂಚೆ 8ರಿಂದ 10 ಮೀಟರ್ ನೇರ ಇರಲಿ, ತಿರುವಿನಲ್ಲೇ ಕಿಟಕಿ ಇಟ್ರೆ ಕಾರು ಓರೆಯಾಗಿ ಎರಡಡಿ ದೂರ ನಿಲ್ಲುತ್ತೆ, ಡ್ರೈವರ್ ಬಾಗಿಲು ತೆಗೀತಾನೆ. ಕಿಟಕಿ ಹಲಗೆ ಲೇನ್ ಮಟ್ಟದಿಂದ 1 ಮೀಟರ್. ಇಂಟರ್‌ಲಾಕ್ ಟೈಲ್ಸ್ 80 ಮಿ.ಮೀ. ದಪ್ಪದ್ದು ಹಾಕ್ಸಿ, 60 ಮಿ.ಮೀ. ಕಾಲುದಾರಿಗೆ. ತೆಂಗಿನ ಸಾಲುಗಳ ಮಧ್ಯೆ 30 ಅಡಿ ಇದೆ, ಲೇನ್ ಹಿಡಿಸುತ್ತೆ ಅಂತ ಬಿಟ್ರೆ ಸೋಗೆ, ಒಣಗಿದ ಕಾಯಿ ನೇರ ಗಾಜಿನ ಮೇಲೆ. ಒಂದೋ ಬಲೆ ಕಟ್ಟಿಸಿ, ಇಲ್ಲಾ ಆ ಸಾಲು ತೆಗೀರಿ. ಎಳನೀರು ಬುರುಡೆ ಹಾಕೋ ಡಬ್ಬ ಹೊರಹೋಗೋ ಜಾಗದಲ್ಲಿ ಡ್ರೈವರ್ ಬಲಗೈಗೆ ಸಿಗೋ ಹಾಗೆ ಇಡಿ, ಇಲ್ದಿದ್ರೆ ಅವೆಲ್ಲ ಹೆದ್ದಾರಿ ಚರಂಡಿಗೆ ಬೀಳುತ್ತೆ.

ಸರ್ವಿಸ್ ರೋಡ್ ಇದೆಯಾ, ಹತ್ತಿರದ ಕ್ರಾಸ್ ಎಷ್ಟು ದೂರ, ಬೇಲಿಯಿಂದ ಮಧ್ಯರೇಖೆಗೆ ಎಷ್ಟು ಮೀಟರ್, ಈ ಮೂರು ಅಳತೆ ಇಲ್ಲಿ ಬರೀರಿ. ಸರ್ವೆ ನಂಬರ್, ಪಹಣಿ ಫೋಟೋ ಗುಂಪಿಗೆ ಹಾಕ್ಬೇಡಿ.