ಎರಡು ಮೂಟೆ ಡಿಎಪಿ ಹಾಕಿದರೂ ತೆಂಡೆ ಒಡೆಯುತ್ತಿಲ್ಲ, ಯಾಕೆ?

ಪ್ರಶ್ನೆ: ಗುಬ್ಬಿ ತಾಲ್ಲೂಕಿನಲ್ಲಿ ಕೆರೆ ಕೆಳಗೆ ನಮ್ಮದು ಒಂದು ಎಕರೆ ಭತ್ತದ ಗದ್ದೆ. ನಾಟಿಗೆ ಮುಂಚೆ ಎರಡು ಮೂಟೆ ಡಿಎಪಿ, ಅದೇ ರಂಜಕದ (ಫಾಸ್ಫರಸ್) ಗೊಬ್ಬರ, ಹಾಕಿದ್ದೆ. ನಾಟಿಯಾಗಿ 20 ದಿನ ಆಯ್ತು, ತೆಂಡೆ (ಬುಡದಿಂದ ಬರುವ ಮರಿ ಕವಲು) ಒಡೆಯುತ್ತಿಲ್ಲ. ಕೆಳಗಿನ ಎಲೆಗಳಲ್ಲಿ ತುಕ್ಕು ಬಣ್ಣದ ಚುಕ್ಕೆ ಬಂದಿದೆ. ಅಂಗಡಿಯವರು ಇನ್ನೊಂದು ಮೂಟೆ ಡಿಎಪಿ ಎರಚಿ ಅನ್ನುತ್ತಾರೆ. ಮಣ್ಣು ಪರೀಕ್ಷೆ ಕಾರ್ಡಿನಲ್ಲಿ ರಂಜಕ ಹೆಕ್ಟೇರಿಗೆ 38 ಕೆಜಿ ಅಂತ ಇದೆ. ಏನು ಮಾಡಲಿ ಸರ್?

ಉತ್ತರ: ಎರಚಬೇಡಿ. ಕಾರ್ಡಿನಲ್ಲಿ 25 ಕೆಜಿ ದಾಟಿದರೇ ರಂಜಕ ಜಾಸ್ತಿ ಅಂತ ಲೆಕ್ಕ, ನಿಮ್ಮದು 38.

50 ಕೆಜಿ ಡಿಎಪಿ ಮೂಟೆಯಲ್ಲಿ ರಂಜಕದ ಪಾಲು ಗೊಬ್ಬರದ ಲೆಕ್ಕದಲ್ಲಿ (P2O5 ರೂಪದಲ್ಲಿ) 23 ಕೆಜಿ. ಎರಡು ಮೂಟೆಗೆ 46 ಆಯ್ತು. ನೀರಾವರಿ ಭತ್ತಕ್ಕೆ ನಮ್ಮ ಕಡೆ ಶಿಫಾರಸು ಇರುವುದೇ ಎಕರೆಗೆ 20 ಕೆಜಿ. ಇನ್ನು ಪೈರು ಎತ್ತಿಕೊಳ್ಳುವುದು ಒಂದು ಟನ್ ಭತ್ತಕ್ಕೆ ಹೆಚ್ಚುಕಮ್ಮಿ 6 ಕೆಜಿ. ಎಕರೆಗೆ 20 ಕ್ವಿಂಟಾಲ್ ಬಂದರೂ 12 ಕೆಜಿ ಸಾಕು. ಮಿಕ್ಕಿದ್ದೆಲ್ಲ ಎಲ್ಲಿ ಹೋಯ್ತು ಅಂತ ಕೇಳಿ. ಎಲ್ಲೂ ಹೋಗಿಲ್ಲ, ಗದ್ದೆಯಲ್ಲೇ ಕೂತಿದೆ.

ರಂಜಕ ಯೂರಿಯಾದ ಹಾಗೆ ನೀರಿನ ಜೊತೆ ಓಡಾಡುವುದಿಲ್ಲ. ಬಿದ್ದ ಜಾಗದಿಂದ ಕೆಲವು ಮಿಲಿಮೀಟರ್ ಸರಿದರೆ ಹೆಚ್ಚು. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ ಇರುವುದರಿಂದ ಅವು ಅದನ್ನು ಹಿಡಿದುಕೊಂಡುಬಿಡುತ್ತವೆ. ಹಾಗಾಗಿ ಹಾಕಿದ ವರ್ಷ ಪೈರಿಗೆ ಸಿಗುವುದು ಸಾಮಾನ್ಯವಾಗಿ ಕಾಲು ಭಾಗಕ್ಕಿಂತ ಕಡಿಮೆ, ಉಳಿದದ್ದು ಮುಂದಿನ ಬೆಳೆಗಳಿಗೆ ನಿಧಾನವಾಗಿ ಬಿಡುತ್ತಾ ಹೋಗುತ್ತದೆ. ಪೈರಿನ ಬೇರು ತಾನೇ ಅದರ ಹತ್ತಿರ ಹೋಗಬೇಕು. ರಂಜಕವನ್ನು ಕೊನೇ ಉಳುಮೆಯಲ್ಲಿ ಕೆಸರಿಗೆ ಸೇರಿಸಿ ಅನ್ನುವುದು ಇದಕ್ಕೇ. 20 ದಿನ ಆದ ಮೇಲೆ ನೀರಿನ ಮೇಲೆ ಎರಚಿದರೆ ಅದು ಮೇಲಿನ ಪದರದಲ್ಲೇ ಉಳಿಯುತ್ತದೆ, ಪಾಚಿ ಮಾತ್ರ ಚೆನ್ನಾಗಿ ಬೆಳೆಯುತ್ತದೆ.

ಭತ್ತಕ್ಕೆ ಒಂದು ಅನುಕೂಲ ಇದೆ, ರಾಗಿಗೂ ಕಡಲೆಕಾಯಿಗೂ ಇಲ್ಲದ್ದು. ಗದ್ದೆಯಲ್ಲಿ ನೀರು ನಿಂತ ಮೇಲೆ ಮಣ್ಣಿನಲ್ಲಿ ಗಾಳಿ ಮುಗಿಯುತ್ತದೆ. ಆಗ ಕಬ್ಬಿಣದ ರೂಪ ಬದಲಾಗಿ ಕರಗುತ್ತದೆ, ಅದು ಹಿಡಿದಿಟ್ಟುಕೊಂಡಿದ್ದ ರಂಜಕ ಬಿಡುಗಡೆ ಆಗುತ್ತದೆ. ಅದೂ ಅಲ್ಲದೆ ಭತ್ತದ ಬೇರು ತನ್ನ ಸುತ್ತ ಮಣ್ಣನ್ನು ಸ್ವಲ್ಪ ಹುಳಿ ಮಾಡಿಕೊಂಡು ಇನ್ನಷ್ಟು ರಂಜಕ ಕರಗಿಸಿಕೊಳ್ಳುತ್ತದೆ. ಆದ್ದರಿಂದ ಕಾರ್ಡಿನಲ್ಲಿ ಜಾಸ್ತಿ ಅಂತ ಬಂದ ಕೆಸರು ಗದ್ದೆಯಲ್ಲಿ ರಂಜಕ ಸಾಲದೆ ಪೈರು ನಿಂತುಹೋಗುವುದು ಅಪರೂಪ. ಜನವರಿ ಚಳಿಯಲ್ಲಿ ನಾಟಿ ಮಾಡಿದ್ದರೆ ಬೇರು ಮಂದ ಆಗಿ ಸ್ವಲ್ಪ ದಿನ ಹಾಗೆ ಕಾಣಬಹುದು, ಅಷ್ಟೇ.

ರಂಜಕ ನಿಜವಾಗಿ ಕಮ್ಮಿಯಾದರೆ ಪೈರು ಗಿಡ್ಡ ಆಗುತ್ತದೆ, ಎಲೆ ಕಡು ಹಸಿರಾಗಿ ನೆಟ್ಟಗೆ ನಿಲ್ಲುತ್ತದೆ. ತುಕ್ಕು ಬಣ್ಣದ ಚುಕ್ಕೆ ಅದರ ಗುರುತಲ್ಲ. ನಾಟಿಯಾಗಿ ಎರಡರಿಂದ ನಾಲ್ಕು ವಾರದಲ್ಲಿ ಕೆಳ ಎಲೆಗೆ ಇಂಥ ಚುಕ್ಕೆ ಬಂದರೆ ನನ್ನ ಅನುಮಾನ ಸತುವಿನ (ಜಿಂಕ್) ಕೊರತೆಯ ಮೇಲೆ. ಎಳೆ ಎಲೆಯ ಬುಡದಲ್ಲಿ ನಡುನರ ಬಿಳಿಚಿದೆಯಾ ನೋಡಿ. ಇದ್ದರೆ ಅನುಮಾನ ಇನ್ನೂ ಗಟ್ಟಿ. ನೀರು ನಿಂತ ಗದ್ದೆಯಲ್ಲಿ ಸತು ಸಿಗುವುದೇ ಕಷ್ಟ, ಅದರ ಮೇಲೆ ರಂಜಕ ಸುರಿದರೆ ಇನ್ನೂ ಕಷ್ಟ. ಅಂದರೆ ಅಂಗಡಿಯವರ ಮೂರನೇ ಮೂಟೆ ರೋಗ ಹೆಚ್ಚಿಸುವ ಔಷಧಿ ಆಗುತ್ತಿತ್ತು!

ಈಗ ಮೊದಲು ಗದ್ದೆಯ ನೀರು ಬಸಿದು ಎರಡು ಮೂರು ದಿನ ಆರಲು ಬಿಡಿ, ಬಿರುಕು ಬಿಡುವಷ್ಟು ಬೇಡ. ಆಮೇಲೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, 2.5 ಗ್ರಾಂ ಸುಣ್ಣದ ತಿಳಿ ಸೇರಿಸಿ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಂದು ಸಲ. ಹೊಸ ಎಲೆ ಚೊಕ್ಕಟವಾಗಿ ಬಂದರೆ ನಮ್ಮ ಊಹೆ ಸರಿ. ಬರದಿದ್ದರೆ ಒಂದು ಬುಡದ ಪೈರನ್ನು ಬೇರು ಸಮೇತ ಕಿತ್ತು ರೈತ ಸಂಪರ್ಕ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ ತೋರಿಸಿ.

ಮುಂದಿನ ಸಲ ಎಕರೆಗೆ 8 ಕೆಜಿ ಜಿಂಕ್ ಸಲ್ಫೇಟ್ ನಾಟಿಗೆ ಮುಂಚೆ ಕೊಡಿ, ಆದರೆ ಡಿಎಪಿ ಜೊತೆ ಬೆರೆಸಬೇಡಿ, ಬೇರೆ ದಿನ ಹಾಕಿ. ಡಿಎಪಿ ಒಂದು ಮೂಟೆಯೂ ನಿಮ್ಮ ಗದ್ದೆಗೆ ಬೇಡ, ಅರ್ಧ ಸಾಕು. ಭತ್ತ ಕೊಯ್ದು ಅಲ್ಲೇ ರಾಗಿಯೋ ಅಲಸಂದೆಯೋ ಬಿತ್ತುವವರಾದರೆ ಮಿಕ್ಕ ಗೊಬ್ಬರ ಅದಕ್ಕೆ ಇಟ್ಟುಕೊಳ್ಳಿ. ನೀರು ಆರಿದ ಮಣ್ಣಿನಲ್ಲಿ ಕಬ್ಬಿಣ ರಂಜಕವನ್ನು ಮತ್ತೆ ಹಿಡಿದುಕೊಳ್ಳುತ್ತದೆ, ಹಾಗಾಗಿ ಎರಚದೆ ಬೀಜದ ಸಾಲಿನಲ್ಲೇ, ಬೀಜಕ್ಕೆ ತಾಗದಂತೆ ಸ್ವಲ್ಪ ಕೆಳಗೆ ಬೀಳುವ ಹಾಗೆ ಕೊಡಿ.