ಹಾಡಿಲ್ಲದ ಸಿನಿಮಾಕ್ಕೆ ಸಂಗೀತದ ಪುಟದಲ್ಲಿ ಏನು ಕೆಲಸ?

ತುಮಕೂರಿನ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯ ಸಿನಿಮಾ ಸಂಗೀತದ ಪುಟಗಳಲ್ಲಿ 'ಅಂದ ನಾಳ್' ಎಂಬ ತಮಿಳು ಚಿತ್ರವನ್ನು ಹೊಗಳಿದ್ದೀರಿ. ಅದರಲ್ಲಿ ಒಂದೂ ಹಾಡಿಲ್ಲ ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಸಂಗೀತ ಎಲ್ಲಿಂದ ಬಂತು? ನಿರ್ದೇಶಕರು ವೀಣೆ ವಿದ್ವಾಂಸರಂತೆ. ಅಂಥವರು ಹಾಡನ್ನು ಯಾಕೆ ತೆಗೆದರು? ಇನ್ನೊಂದು ಮಾತು. ನಾಯಕಿ ನಮ್ಮ ಪಂಡರಿಬಾಯಿ. ಅವರ ಹೆಸರನ್ನೇ ಬಿಟ್ಟಿದ್ದೀರಲ್ಲ?"

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಕೊನೆಯ ದೂರಿನಿಂದಲೇ ಶುರು ಮಾಡುತ್ತೇನೆ. ಪಂಡರಿಬಾಯಿಯವರ ಹೆಸರು ಬಿಟ್ಟಿದ್ದು ನಮ್ಮದೇ ತಪ್ಪು. ಕ್ಷಮೆ ಇರಲಿ. ಭಟ್ಕಳದಲ್ಲಿ ಹುಟ್ಟಿದ ಈ ಕಲಾವಿದೆಗೆ 1954 ಎಂಥ ವರ್ಷ ನೋಡಿ. ಏಪ್ರಿಲ್ 13ಕ್ಕೆ ಮದ್ರಾಸಿನಲ್ಲಿ 'ಅಂದ ನಾಳ್' ಬಂತು. ಮರುತಿಂಗಳೇ ರಾಜ್‌ಕುಮಾರ್ ಜೊತೆ 'ಬೇಡರ ಕಣ್ಣಪ್ಪ'. ಒಂದರಲ್ಲಿ 'ಶಿವಪ್ಪ ಕಾಯೋ ತಂದೆ' ಕೇಳಿ ಜನ ಕಣ್ಣೊರೆಸಿಕೊಂಡರು. ಇನ್ನೊಂದರಲ್ಲಿ ಒಂದು ಸಾಲು ಹಾಡೂ ಇಲ್ಲ. ಅಲ್ಲಿ ಬೇಡನ ಹೆಂಡತಿ ನೀಲಾ, ಇಲ್ಲಿ ಕೊಲೆಯಾದವನ ಹೆಂಡತಿ ಉಷಾ. ಎರಡೂ ಅವರೇ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ.

'ಅಂದ ನಾಳ್' ಅಂದರೆ 'ಆ ದಿನ'. (ತಮಿಳಿನ ನಾಳ್ ನಮ್ಮ ನಾಳೆಗೆ ನೆಂಟ. ನಾವು ಮುಂದಿನ ದಿನಕ್ಕೆ ಇಟ್ಟುಕೊಂಡೆವು, ಅವರು ಎಲ್ಲ ದಿನಕ್ಕೂ.) ಆ ದಿನ ಯಾವುದು? 1943ರ ಅಕ್ಟೋಬರ್ 11ರಂದು ಜಪಾನಿನ ವಿಮಾನ ಮದ್ರಾಸಿನ ಮೇಲೆ ಬಾಂಬು ಹಾಕಿತ್ತು. ಅದರ ಬೆನ್ನಲ್ಲೇ ನಡೆಯುವ ಕಥೆ ಇದು. ಸಿನಿಮಾ ತೆರೆಗೆ ಬಂದಾಗ ಆ ಘಟನೆಗೆ ಇನ್ನೂ ಹನ್ನೊಂದು ವರ್ಷ ತುಂಬಿರಲಿಲ್ಲ. ಟಾಕೀಸಿನಲ್ಲಿ ಕೂತವರಲ್ಲಿ ಎಷ್ಟೋ ಜನಕ್ಕೆ ಆ ದಿನಗಳ ಭಯ ಸ್ವಂತದ್ದಾಗಿತ್ತು.

ಶುರುವಿನಲ್ಲೇ ಗುಂಡಿನ ಸದ್ದು. ರೇಡಿಯೋ ಎಂಜಿನಿಯರ್ ರಾಜನ್ ತತ್ತರಿಸಿ ಬೀಳುತ್ತಾನೆ. ಬಿದ್ದವರು ಯಾರು? ಶಿವಾಜಿ ಗಣೇಶನ್! 'ಪರಾಶಕ್ತಿ'ಯ ಮಾತುಗಳಿಂದ ಎರಡೇ ವರ್ಷದ ಹಿಂದೆ ಊರೂರು ಗೆದ್ದ ನಾಯಕ, ಇಲ್ಲಿ ಬಾಯಿ ತೆರೆಯುವ ಮೊದಲೇ ಹೆಣ. ಆಮೇಲೆ ಪತ್ತೇದಾರ ಒಬ್ಬೊಬ್ಬರನ್ನೇ ಕೇಳುತ್ತಾ ಹೋಗುತ್ತಾನೆ. ಪಕ್ಕದ ಮನೆಯವನು, ತಮ್ಮ, ತಮ್ಮನ ಹೆಂಡತಿ, ಒಬ್ಬ ನರ್ತಕಿ, ಹೆಂಡತಿ. ಒಬ್ಬೊಬ್ಬರದು ಒಂದೊಂದು ಕಥೆ, ಒಬ್ಬರ ಬೆರಳು ಇನ್ನೊಬ್ಬರ ಕಡೆ. ಚಿತ್ರಕಥೆ ಬರೆದ ಜಾವರ್ ಸೀತಾರಾಮನ್ ಅವರೇ ಪತ್ತೇದಾರನ ಪಾತ್ರವನ್ನೂ ಮಾಡಿದ್ದಾರೆ. ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುವ ಜಪಾನಿನ 'ರಾಶೋಮನ್' ಸಿನಿಮಾ ನೋಡಿದವರಿಗೆ ಈ ಕಟ್ಟು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಇಂಥ ಕಥೆಯ ನಡುವೆ ಹಾಡು ಬಂದರೆ ಏನಾಗುತ್ತದೆ? ಸುಮ್ನೆ ಯೋಚಿಸಿ. ತಮ್ಮ ಹೇಳಿದ್ದು ನಿಜವೋ ಸುಳ್ಳೋ ಅಂತ ನಾವು ತಲೆ ಕೆಡಿಸಿಕೊಂಡಿರುತ್ತೇವೆ. ಆಗ ಮೂರು ನಿಮಿಷ ಹಾಡು ಬಂದರೆ ಅನುಮಾನ ತಣ್ಣಗಾಗುತ್ತದೆ. ಹಾಡು ಮನಸ್ಸಿಗೆ ಬಿಡುವು ಕೊಡುತ್ತದೆ. ಇಲ್ಲಿ ಬಿಡುವು ಕೊಡಲೇಬಾರದಿತ್ತು.

ಇದನ್ನು ಮಾಡಲು ಎಷ್ಟು ಧೈರ್ಯ ಬೇಕಿತ್ತು ಅಂತ ತಿಳಿಯಬೇಕಾದರೆ ಹತ್ತು ವರ್ಷ ಹಿಂದೆ ಹೋಗಬೇಕು. 1944ರಲ್ಲಿ ಹಾಡುಗಾರ ನಟ ತ್ಯಾಗರಾಜ ಭಾಗವತರ್ ಅವರ 'ಹರಿದಾಸ್' ಬಂದಿತ್ತು. ಮದ್ರಾಸಿನ ಬ್ರಾಡ್‌ವೇ ಟಾಕೀಸಿನಲ್ಲಿ ಅದು ಮೂರು ದೀಪಾವಳಿ ಕಂಡಿತು. ಜನ ಹೋಗಿದ್ದು ಹಾಡಿಗೆ. ಅಂಥ ಊರಿನಲ್ಲಿ ಎವಿಎಂ ಸ್ಟುಡಿಯೋದ ಮೆಯ್ಯಪ್ಪನ್ ಅವರ ದುಡ್ಡಿನಲ್ಲಿ, ಇಪ್ಪತ್ತೇಳು ವರ್ಷದ ನಿರ್ದೇಶಕ ಎಸ್. ಬಾಲಚಂದರ್ ಹಾಡು, ನೃತ್ಯ, ಹೊಡೆದಾಟ ಮೂರನ್ನೂ ತೆಗೆದುಹಾಕಿದರು. ತಮಿಳಿನಲ್ಲಿ ಹಾಡಿಲ್ಲದ ಮೊದಲ ಚಿತ್ರ ಅದು. ಮೊದಲ ಸಲ ಜನಕ್ಕೆ ಹಿಡಿಸಲಿಲ್ಲ, ದುಡ್ಡೂ ಬರಲಿಲ್ಲ. ರಾಷ್ಟ್ರ ಪ್ರಶಸ್ತಿಗಳಲ್ಲಿ ಅದಕ್ಕೆ ಅರ್ಹತಾ ಪತ್ರ ಸಿಕ್ಕಿತು. ಹೆಸರು ನಿಧಾನಕ್ಕೆ ಬೆಳೆಯಿತು.

ಹಾಗಾದರೆ ಸಂಗೀತ ಎಲ್ಲಿ ಅಂತ ಕೇಳಿದ್ದೀರಿ. ಹಿನ್ನೆಲೆ ಸಂಗೀತ ಇದೆ, ಎವಿಎಂನ ವಾದ್ಯವೃಂದದ್ದು. ಆದರೆ ನಾನು ಹೊಗಳಿದ್ದು ಅದೊಂದನ್ನೇ ಅಲ್ಲ. ಸದ್ದು ಎಲ್ಲಿ ಬೇಕು, ಎಲ್ಲಿ ಬೇಡ ಎಂಬ ಲೆಕ್ಕವನ್ನು ಹೊಗಳಿದೆ. ಅದು ವೀಣೆಯವರ ಲೆಕ್ಕ.

ಬಾಲಚಂದರ್ ಅವರ ವೀಣೆಯ ರೆಕಾರ್ಡು ಯಾವುದಾದರೂ ಸಿಕ್ಕರೆ ಆಲಾಪನೆಯನ್ನು ಗಮನವಿಟ್ಟು ಕೇಳಿ. ಬಲಗೈ ಒಂದೇ ಸಲ ತಂತಿ ಮೀಟುತ್ತದೆ. ಆಮೇಲೆ ಕೆಲಸವೆಲ್ಲ ಎಡಗೈಯದು. ವೀಣೆಯ ಅದೇ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು, ಬಿಟ್ಟು, ಮತ್ತೆ ಎಳೆದು, ಆ ಒಂದೇ ಮೀಟಿನಲ್ಲಿ ನಾಲ್ಕೈದು ಸ್ವರ ತೆಗೆಯುತ್ತಾರೆ. ನಾದ ಸಣ್ಣಗಾಗುತ್ತಾ ಹೋಗುತ್ತದೆ. ಇನ್ನೇನು ಮುಗಿಯಿತು ಅನ್ನುವಾಗ ಇನ್ನೊಂದು ಸ್ವರ ಹೊರಡುತ್ತದೆ. ನಾವು ಕಿವಿ ಚೂಪು ಮಾಡಿಕೊಂಡು ಕಾಯುತ್ತಿರುತ್ತೇವೆ. 'ಅಂದ ನಾಳ್' ನೋಡುವಾಗಲೂ ನನಗೆ ಆಗಿದ್ದು ಇದೇ. ಗುಂಡಿನ ಸದ್ದು ಆ ಒಂದು ಮೀಟು. ಉಳಿದ ಸಿನಿಮಾ ಪೂರ್ತಿ ಅದರ ಎಳೆತ. ಅವೇ ಮುಖಗಳು, ಅದೇ ಮನೆ, ಪ್ರತಿ ಸಲ ಬೇರೆ ಸ್ವರ. ಮಾರುತಿ ರಾವ್ ಅವರ ಕ್ಯಾಮೆರಾದ ಕತ್ತಲೆ ಬೆಳಕೂ ಇದಕ್ಕೆ ಜೊತೆಯಾಗಿದೆ.

ಬಾಲಚಂದರ್‌ಗೆ ವೀಣೆ ಕಲಿಸಿದ ಗುರು ಇರಲಿಲ್ಲ, ತಾವೇ ಕಲಿತರು. ಮುಂದೆ ಕರ್ನಾಟಕ ಸಂಗೀತದ ತಾಯಿ ರಾಗಗಳಾದ 72 ಮೇಳಕರ್ತ ರಾಗಗಳನ್ನೂ ನುಡಿಸಿ ರೆಕಾರ್ಡು ಮಾಡಿದರು. 1982ರಲ್ಲಿ ಪದ್ಮಭೂಷಣ ಬಂತು. ಅವರು ತೀರಿಕೊಂಡಿದ್ದು 1990ರ ಏಪ್ರಿಲ್ 13ರಂದು. 'ಅಂದ ನಾಳ್' ತೆರೆಕಂಡ ದಿನವೇ. ಇದು ತಿಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಅವರಿಗೆ ಹಾಡು ಕಂಡರೆ ಆಗುತ್ತಿರಲಿಲ್ಲ ಅಂತ ಮಾತ್ರ ತಿಳಿಯಬೇಡಿ. 1964ರ 'ಬೊಮ್ಮೈ' ನೋಡಿ. ಬೊಂಬೆಯೊಂದರ ಹೊಟ್ಟೆಯಲ್ಲಿ ಬಾಂಬಿದೆ, ಅದು ಕೈಯಿಂದ ಕೈಗೆ ಹೋಗುತ್ತದೆ. ನಿರ್ದೇಶನ, ಸಂಗೀತ ಎರಡೂ ಅವರದೇ. ಅದರಲ್ಲಿ ಯೇಸುದಾಸ್ ಹಾಡಿದ 'ನೀಯುಂ ಬೊಮ್ಮೈ ನಾನುಂ ಬೊಮ್ಮೈ' ಇದೆ. ನೀನೂ ಬೊಂಬೆ, ನಾನೂ ಬೊಂಬೆ ಎಂಬ ಹಾಡು. ಯೇಸುದಾಸ್ ಆಗಿನ್ನೂ ತಮಿಳಿಗೆ ಹೊಸಬರು. ಬಾಂಬು ಎಲ್ಲಿದೆ ಅಂತ ನಮಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಅಂಥ ಕಡೆ ಹಾಡು ಬಂದರೆ ಭಯ ಜಾಸ್ತಿಯೇ ಆಗುತ್ತದೆ, ಅಲ್ವಾ? 1970ರ 'ನಡು ಇರವಿಲ್' ಚಿತ್ರದಲ್ಲಿ ಕೊಲೆಯ ಮೇಲೆ ಕೊಲೆ. ಅಲ್ಲೂ ಹಾಡುಗಳಿವೆ. ಅಲ್ಲೂ ಪಂಡರಿಬಾಯಿ ಇದ್ದಾರೆ. ಆದರೆ ನನ್ನ ಮಟ್ಟಿಗೆ ಮೂರರಲ್ಲಿ 'ಅಂದ ನಾಳ್'ಗೇ ಮೊದಲ ಜಾಗ.

ನೀವಿನ್ನೂ ಚಿತ್ರ ನೋಡಿಲ್ಲ ಅಂತ ನಿಮ್ಮ ಪತ್ರದಿಂದ ಅನಿಸಿತು. ಹಾಗಾಗಿ ಕೊಲೆ ಮಾಡಿದ್ದು ಯಾರು ಅಂತ ಇಲ್ಲಿ ಬರೆಯುವುದಿಲ್ಲ. ರಾತ್ರಿ ಹೊತ್ತು, ಮನೆಯಲ್ಲಿ ಸದ್ದು ಅಡಗಿದ ಮೇಲೆ ನೋಡಿ. ಪಂಡರಿಬಾಯಿಯವರ ಮುಖದ ಮೇಲೆ ಒಂದು ಕಣ್ಣಿಡಿ, ಬೇರೆಯವರು ಮಾತಾಡುತ್ತಿರುವಾಗಲೂ. ಯಾರ ಹೇಳಿಕೆಯನ್ನು ಎಲ್ಲಿಯವರೆಗೆ ನಂಬಿದಿರಿ ಅಂತ ನಮಗೆ ಬರೆಯಿರಿ. ಆ ಪತ್ರವನ್ನೂ ಹಾಕುತ್ತೇವೆ, ಕೊಲೆಗಾರನ ಹೆಸರಿದ್ದ ಸಾಲು ಮಾತ್ರ ತೆಗೆದು.

- ಸಂಪಾದಕ