ಗೇಟಿನಲ್ಲಿ ಕೇಳಿದ ಮಾತು

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಮೈಸೂರಿನ ಹಳೆಯ ಚಿತ್ರಮಂದಿರಗಳ ಬಗ್ಗೆ ಬರೆಯುತ್ತಾ 'ಪ್ರೇಕ್ಷಕರೇ ಕೈಬಿಟ್ಟರೆ ಟಾಕೀಸು ಉಳಿಯುವುದು ಹೇಗೆ' ಎಂದು ಕೇಳಿದ್ದೀರಿ. ಅದನ್ನು ಓದಿ ನಮ್ಮ ಅತ್ತೆಯವರನ್ನು ಭಾನುವಾರದ ಮ್ಯಾಟ್ನಿಗೆ ಕರೆದುಕೊಂಡು ಹೋದೆ. ಅವರಿಗೆ 74 ವರ್ಷ. ಮಂಡಿನೋವು, ಸಕ್ಕರೆ ಕಾಯಿಲೆ ಎರಡೂ ಇವೆ. ಶೋಗೆ ಐದು ನಿಮಿಷ ಇರುವವರೆಗೂ ಗೇಟ್ ತೆಗೆಯಲಿಲ್ಲ, ಬಿಸಿಲಲ್ಲೇ ನಿಂತೆವು. ಬ್ಯಾಗಿನಲ್ಲಿದ್ದ ನೀರಿನ ಬಾಟಲಿ, ಎರಡು ಚಪಾತಿ ತೆಗೆಸಿದರು. ಬಾಲ್ಕನಿ ಹತ್ತಲು ಆಗುವುದಿಲ್ಲ, ಕೆಳಗೆ ಎಲ್ಲಾದರೂ ಕೂರಿಸಿ ಎಂದರೆ 'ಟಿಕೆಟ್ ತಗೊಳ್ಳೋವಾಗ ಗೊತ್ತಿರ್ಲಿಲ್ವಾ' ಎಂದರು. ಇಂಟರ್ವಲ್‌ನಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ. ಪಕ್ಕದ ಬಾಗಿಲಿಗೆ ಸರಪಳಿ. ಮ್ಯಾನೇಜರ್ ಎಲ್ಲಿ ಎಂದು ಕೇಳಿದ್ದಕ್ಕೆ 'ಇಷ್ಟ ಇದ್ರೆ ನೋಡಿ, ಇಲ್ಲಾಂದ್ರೆ ಹೋಗ್ತಾ ಇರಿ' ಎಂಬ ಉತ್ತರ. ಅರ್ಧ ಸಿನಿಮಾಕ್ಕೇ ಎದ್ದು ಬಂದೆವು. ಈಗ ಹೇಳಿ, ನಾವು ಕೈಬಿಟ್ಟೆವೋ, ಅವರೇ ನಮ್ಮನ್ನು ಕಳಿಸಿದರೋ?"
— ಒಬ್ಬ ಓದುಗರು, ಕುವೆಂಪುನಗರ, ಮೈಸೂರು

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದೆ. ಕೊನೆಯ ಪ್ರಶ್ನೆ ಬಂದಾಗ ಯಾರೂ ಮಾತಾಡಲಿಲ್ಲ. ಆ ಲೇಖನ ಬರೆದವನು ನಾನೇ, ಆದ್ದರಿಂದ ಉತ್ತರವನ್ನೂ ನಾನೇ ಕೊಡಬೇಕು. ಅವರೇ ಕಳಿಸಿದರು. 'ಪ್ರೇಕ್ಷಕರೇ ಕೈಬಿಟ್ಟರೆ' ಎಂಬ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ಅಂದು ನಾನು ಕಾರಣಗಳನ್ನು ಹುಡುಕಿದ್ದು ದೂರದಲ್ಲಿ. ಮೊಬೈಲಿಗೇ ಬರುವ ಸಿನಿಮಾ, ಮಾಲ್‌ಗಳ ಮಲ್ಟಿಪ್ಲೆಕ್ಸ್, ಊರ ನಡುವಿನ ಜಾಗಕ್ಕೆ ಬಂದಿರುವ ಬೆಲೆ, ಕೊರೊನಾ. ನಮ್ಮ ಶಾಂತಲಾ ಚಿತ್ರಮಂದಿರ 2020ರಲ್ಲಿ ಬಾಗಿಲು ಮುಚ್ಚಿದ್ದನ್ನೂ ಬರೆದಿದ್ದೆ. ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಗೇಟಿನ ಹತ್ತಿರ ನಾನು ಹೋಗಿ ನಿಂತೇ ಇರಲಿಲ್ಲ. ಚಿತ್ರಮಂದಿರದವರು ದಿನಾ ಬರೆಯುವ ಡಿಸಿಆರ್‌ನಲ್ಲಿ, ಅಂದರೆ ದಿನದ ಗಳಿಕೆಯ ಹಾಳೆಯಲ್ಲಿ, ಯಾವ ಕ್ಲಾಸಿನಲ್ಲಿ ಎಷ್ಟು ಟಿಕೆಟ್ ಹೋಯಿತು ಎಂಬ ಲೆಕ್ಕ ಪೈಸೆ ಸಮೇತ ಇರುತ್ತದೆ. ನೊಂದು ಎದ್ದುಹೋಗಿ ಮತ್ತೆಂದೂ ಬಾರದವರ ಲೆಕ್ಕ ಅದರಲ್ಲಿ ಬರುವುದಿಲ್ಲ. ಆ ಭಾನುವಾರದ ಹಾಳೆಯಲ್ಲಿ ನೀವು ಮತ್ತು ನಿಮ್ಮ ಅತ್ತೆ ಎರಡು ಬಾಲ್ಕನಿ ಟಿಕೆಟ್ ಆಗಿ, ಲಾಭದ ಕಡೆಯಲ್ಲಿ ಇದ್ದೀರಿ.

ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದುಹೋಗುವ ಸಂಗತಿಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಪಕ್ಕದ ಬಾಗಿಲಿಗೆ ಸರಪಳಿ ಎಂದಿರಿ. ಒರಟು ಮಾತು, ಕೊಳಕು, ಬಿಸಿಲು ಇವುಗಳ ಸಾಲಿನಲ್ಲಿ ಅದನ್ನು ಸೇರಿಸಬೇಡಿ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು, ಇಂಥದೇ ಒಂದು ಮಧ್ಯಾಹ್ನದ ಶೋನಲ್ಲಿ, 59 ಜನ ಸತ್ತರು. ಬೆಂಕಿ ಹೊತ್ತಿದ್ದು ಕೆಳಗಿದ್ದ ಟ್ರಾನ್ಸ್‌ಫಾರ್ಮರ್‌ನಲ್ಲಿ. ಸತ್ತವರು ಬಾಲ್ಕನಿಯಲ್ಲಿ ಹೊಗೆಗೆ ಸಿಕ್ಕಿ ಉಸಿರುಗಟ್ಟಿದವರು. ಹೆಚ್ಚು ಸೀಟು ಹಾಕುವ ಆಸೆಗೆ ಅಲ್ಲಿ ಹೊರಹೋಗುವ ಒಂದು ದಾರಿಯನ್ನೇ ಮುಚ್ಚಿದ್ದರು. ಮಂಡಿ ಬಗ್ಗದ 74ರ ಹೆಂಗಸನ್ನು ಬಾಲ್ಕನಿಗೆ ಹತ್ತಿಸಿ, ಬಾಗಿಲಿಗೆ ಸರಪಳಿ ಹಾಕಿ, ದೀಪ ಆರಿಸುವುದು ಎಂದರೆ ಏನು ಎಂಬುದು ಆ ಮಧ್ಯಾಹ್ನವನ್ನು ನೆನೆದರೆ ತಿಳಿಯುತ್ತದೆ. ಇನ್ನು ಮುಂದೆ ಎಲ್ಲೇ ಆಗಲಿ, ಶೋ ನಡೆಯುವಾಗ ಹೊರಬಾಗಿಲಿಗೆ ಬೀಗ ಕಂಡರೆ ಸಿನಿಮಾ ಮುಗಿಯುವವರೆಗೆ ಕಾಯಬೇಡಿ. ಅಲ್ಲಿಂದಲೇ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ.

ಪತ್ರ ಬಂದ ವಾರದಲ್ಲೇ, ಒಂದು ಗುರುವಾರ, ನಾನು ಆ ಚಿತ್ರಮಂದಿರಕ್ಕೆ ಹೋಗಿದ್ದೆ. ಟಿಕೆಟ್ ತೆಗೆದುಕೊಂಡು, ನಿಮ್ಮ ಹಾಗೆಯೇ ಗೇಟಿನಲ್ಲಿ ನಿಂತು, ಆಮೇಲೆ ಮ್ಯಾನೇಜರ್ ಕೋಣೆಗೆ ಹೋದೆ. ನಿಮ್ಮ ಹೆಸರು ಹೇಳಲಿಲ್ಲ. ಸರಪಳಿ ಯಾಕೆ ಎಂದರೆ, ಒಳಗಿರುವ ಹುಡುಗರು ಆ ಬಾಗಿಲು ತೆಗೆದು ಟಿಕೆಟ್ ಇಲ್ಲದ ಗೆಳೆಯರನ್ನು ಕರೆದುಕೊಳ್ಳುತ್ತಾರಂತೆ. ಹಾಗಿದ್ದರೆ ಅಲ್ಲಿ ಒಬ್ಬರನ್ನು ನಿಲ್ಲಿಸಿ ಎಂದೆ. ಜನ ಇಲ್ಲ ಸಾರ್ ಎಂದರು. ಶೌಚಾಲಯಕ್ಕೂ ಅದೇ ಉತ್ತರ: ತೊಳೆಯುವ ಹೆಂಗಸು ಭಾನುವಾರ ಬರುವುದಿಲ್ಲ, ಗಲೀಜಾದರೆ ಬೈಗುಳ ತಪ್ಪದು, ಅದಕ್ಕೇ ಬೀಗ. ವಾರದಲ್ಲಿ ಅತಿ ಹೆಚ್ಚು ಹೆಂಗಸರು ಬರುವ ದಿನವೇ ಹೆಂಗಸರ ಶೌಚಾಲಯ ಮುಚ್ಚುವುದು ಯಾವ ನ್ಯಾಯ ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. ಕೆಟ್ಟ ಮನುಷ್ಯ ಅನ್ನಿಸಲಿಲ್ಲ. ಮಾಲೀಕರಿಗೂ ಜನರಿಗೂ ನಡುವೆ ಸಿಕ್ಕಿಕೊಂಡವರು.

ನಿಮಗೆ ಆ ಮಾತು ಆಡಿದ ಗೇಟ್‌ಕೀಪರನ್ನೂ ಕಂಡೆ. ಮೊದಲು ನಾಲ್ಕು ಜನ ಮಾಡುತ್ತಿದ್ದ ಕೆಲಸ ಈಗ ಅವರೊಬ್ಬರ ಮೇಲೆ ಬಿದ್ದಿದೆ. ಸ್ಟ್ಯಾಂಡಿನಲ್ಲಿ ಬೈಕ್ ನಿಲ್ಲಿಸಬೇಕು, ಟಿಕೆಟ್ ಹರಿಯಬೇಕು, ಟಾರ್ಚ್ ಹಿಡಿಯಬೇಕು, ಕುಡಿದು ಗಲಾಟೆ ಮಾಡುವವರನ್ನು ಹೊರಗೆ ಹಾಕಬೇಕು. ಬೆಳಗಿನ ಶೋದಿಂದ ಸೆಕೆಂಡ್ ಶೋವರೆಗೆ ನಿಂತೇ ಇರುತ್ತಾರೆ. ಶೋಗೆ ಐದು ನಿಮಿಷ ಇರುವವರೆಗೂ ಗೇಟ್ ತೆಗೆಯದಿರುವುದಕ್ಕೂ ಇದೇ ಕಾರಣ: ಹಿಂದಿನ ಶೋ ಬಿಟ್ಟ ಮೇಲೆ ಒಳಗೆ ಪೊರಕೆ ಹಿಡಿಯುವವರೂ ಅವರೇ. ನಿಮ್ಮ ನೋವನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಆದರೆ ಸಿಟ್ಟು ಹೋಗಿ ಮುಟ್ಟಬೇಕಾದ್ದು ನಾಲ್ಕು ಜನರ ಕೆಲಸಕ್ಕೆ ಒಬ್ಬರನ್ನು ನಿಲ್ಲಿಸಿದವರಿಗೆ.

ಇನ್ನು ನೀರು ಮತ್ತು ಚಪಾತಿ. ಇಲ್ಲಿ ನಿಮಗೆ ಹಿತವಾಗುವುದನ್ನಷ್ಟೇ ಹೇಳಿದರೆ ತಪ್ಪಾಗುತ್ತದೆ. ಹೊರಗಿನ ತಿಂಡಿ ಬೇಡ ಎನ್ನುವ ಹಕ್ಕು ಚಿತ್ರಮಂದಿರದವರಿಗೆ ಇದೆ ಎಂದು 2023ರ ಜನವರಿ 3ರಂದು ಸುಪ್ರೀಂ ಕೋರ್ಟ್ ಹೇಳಿದೆ. ಅದೇ ತೀರ್ಪಿನಲ್ಲಿ, ಕುಡಿಯುವ ಶುದ್ಧ ನೀರನ್ನು ಎಲ್ಲರಿಗೂ ಉಚಿತವಾಗಿ ಕೊಡಬೇಕು, ಹಸುಗೂಸುಗಳಿಗೆ ಬೇಕಾದ ಆಹಾರವನ್ನು ತಂದೆತಾಯಿ ಒಯ್ಯಬಹುದು ಎಂದೂ ಇದೆ. ಹಾಗಾಗಿ ಚಪಾತಿ ತೆಗೆಸಿದ್ದರಲ್ಲಿ ಅವರ ಕಡೆ ನಿಯಮ ಇದೆ, ಕನಿಕರ ಇಲ್ಲ. ನೀರಿನ ವಿಷಯದಲ್ಲಿ ನಿಯಮವೂ ಇಲ್ಲ: ನಾನು ಹೋದ ದಿನ ಒಳಗಿನ ನಲ್ಲಿ ಒಣಗಿತ್ತು, ಪಕ್ಕದ ಸ್ಟಾಲಿನಲ್ಲಿ ಬಾಟಲಿ ಮಾರುತ್ತಿದ್ದರು. ಬಾಟಲಿ ಕಸಿದುಕೊಂಡ ಮೇಲೆ ನಲ್ಲಿಯಲ್ಲಿ ನೀರು ಬರುವಂತೆ ನೋಡಿಕೊಳ್ಳುವುದು ಅವರ ಹೊಣೆ. ಸಕ್ಕರೆ ಕಾಯಿಲೆಯವರಿಗೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ದರೆ ಮೈ ಬೆವರಿ ನಡುಗುತ್ತದೆ ಎಂಬುದು ನಮ್ಮೂರಲ್ಲಿ ಯಾರಿಗೆ ತಿಳಿಯದು? ಎರಡು ಚಪಾತಿಯಿಂದ ಯಾವ ಸ್ಟಾಲೂ ಮುಳುಗುವುದಿಲ್ಲ.

ಬಾಲ್ಕನಿ ಮೆಟ್ಟಿಲ ಮಾತಿಗೆ ಬರುತ್ತೇನೆ. ನಿಮ್ಮ ಪತ್ರ ಓದುವಾಗ ನನ್ನ ಅಜ್ಜಿ ನೆನಪಾದರು. ನಾನು ಮಂಡ್ಯದಲ್ಲಿ ಹೈಸ್ಕೂಲು ಓದುತ್ತಿದ್ದೆ. ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿಗೆ ಸಿನಿಮಾ ಕಾಣುತ್ತಿದ್ದದ್ದು ಅಷ್ಟಕ್ಕಷ್ಟೆ, ಹಾಡು ಕೇಳಲು ಬರುತ್ತಿದ್ದರು. ಟಾರ್ಚ್ ಹಿಡಿಯುತ್ತಿದ್ದವರು ಬೆಳಕನ್ನು ನಮ್ಮ ಮುಖಕ್ಕೆ ಬಿಡದೆ ಅಜ್ಜಿಯ ಪಾದದ ಮುಂದೆ ಬಿಟ್ಟು, ತಾವು ಹಿಂದಕ್ಕೆ ಹೆಜ್ಜೆ ಇಡುತ್ತಾ, "ಇನ್ನೆರಡು ಮೆಟ್ಲು ಕಣವ್ವ, ಇನ್ನೊಂದು" ಎನ್ನುತ್ತಾ ಸೀಟಿನವರೆಗೂ ತಂದು ಬಿಡುತ್ತಿದ್ದರು. ಸೀಟಿನ ರೆಕ್ಸಿನ್ ಹರಿದಿತ್ತು, ತಿಗಣೆ ಇತ್ತು, ಫ್ಯಾನ್ ಕಿರುಗುಟ್ಟುತ್ತಿತ್ತು. ಅಜ್ಜಿ ಯಾವುದರ ಬಗ್ಗೆಯೂ ದೂರಿದ್ದು ನನಗೆ ನೆನಪಿಲ್ಲ. ಮುಂದಿನ ವಾರ ಯಾವ ಪಿಚ್ಚರ್ರು ಎಂದು ಆ ಟಾರ್ಚಿನವರನ್ನೇ ಕೇಳಿಕೊಂಡು ಮನೆಗೆ ಹೊರಡುತ್ತಿದ್ದರು.

ಮಾತು ಮಾಲೀಕರಿಗೂ ಮುಟ್ಟಲಿ ಎಂದು ಮೈಸೂರಿನದೇ ಇನ್ನೊಂದು ಉದಾಹರಣೆ ಕೊಡುತ್ತೇನೆ. ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ 1989ರಲ್ಲಿ ಶುರುವಾದ ನಾಟಕ ಸಂಸ್ಥೆ ರಂಗಾಯಣದಲ್ಲಿ ನಾಟಕ ನೋಡಲು ಹೋಗುವವರಿಗೆ ಮೆತ್ತನೆಯ ಸೀಟಿನ ಆಸೆ ಇರುವುದಿಲ್ಲ. ವನರಂಗದಲ್ಲಿ ಬಯಲಲ್ಲೇ ಕೂರಬೇಕು, ಸೊಳ್ಳೆ ಕಚ್ಚುತ್ತದೆ. ಬಹುರೂಪಿ ನಾಟಕೋತ್ಸವದ ದಿನಗಳಲ್ಲಿ ಅಲ್ಲಿನ ಭೂಮಿಗೀತ ರಂಗಮಂದಿರದ ಮುಂದೆ ಉದ್ದನೆಯ ಸಾಲು. ಒಮ್ಮೆ ತಡವಾಗಿ ಹೋಗಿದ್ದೆ, ಬಾಗಿಲು ಹಾಕಿತ್ತು. ಆದರೆ ಬಾಗಿಲಲ್ಲಿದ್ದ ಹುಡುಗಿ ಹತ್ತಿರ ಬಂದು, ನಾಟಕ ಶುರುವಾಗಿದೆ ಸಾರ್, ನಟರಿಗೆ ತೊಂದರೆಯಾಗುತ್ತೆ, ದೃಶ್ಯ ಬದಲಾಗುವಾಗ ಒಳಗೆ ಬಿಡ್ತೀನಿ ಎಂದು ಪಿಸುಮಾತಿನಲ್ಲಿ ಹೇಳಿದಳು. ಹಾಗೇ ಬಿಟ್ಟಳು. ನಿಮ್ಮನ್ನೂ ತಡೆದರು, ನನ್ನನ್ನೂ ತಡೆದರು. ಕಾರಣ ಹೇಳಿದ್ದರಿಂದ ನಾನು ಮಾರನೆಯ ದಿನವೂ ಹೋದೆ. ಮಾಲೀಕರು ಇದಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಿಲ್ಲ.

ಈಗ ನೀವು ಏನು ಮಾಡಬಹುದು ಎಂಬುದು. ಟಿಕೆಟ್ ಎಸೆದಿಲ್ಲ ತಾನೇ? ಅದನ್ನು ಜೋಪಾನವಾಗಿಡಿ. 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಬಹುದು. ಅದರಿಂದ ಸಮಾಧಾನವಾಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬೇಕು. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ, ನಿಮ್ಮ ಮಾತನ್ನು ನೀವೇ ಹೇಳಬಹುದು. ಎರಡು ಟಿಕೆಟ್ಟಿಗೆ ಕೋರ್ಟು ಕಚೇರಿ ಯಾಕೆ ಎಂದು ಮನೆಯಲ್ಲಿ ಅಂದಾರು. ಅಲೆದಾಟ ಬೇಡ ಅನ್ನಿಸಿದರೆ ನಡೆದದ್ದನ್ನು ಒಂದು ಹಾಳೆಯಲ್ಲಿ ದಿನಾಂಕ, ಶೋ ಸಮಯ ಸಮೇತ ಬರೆದು ಮಾಲೀಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನಮ್ಮ ಓದುಗರಲ್ಲಿ ಇಂಥ ಅನುಭವವಾದ ಬೇರೆಯವರೂ ಹಾಗೇ ಬರೆಯಲಿ. ಒಳ್ಳೆಯ ಅನುಭವ ಆಗಿದ್ದರೆ ಆ ಗೇಟ್‌ಕೀಪರನ್ನು ಹೊಗಳಿ ಅವರ ಮಾಲೀಕರಿಗೂ ಬರೆಯಲಿ. ಆ ಕಾಗದ ಅವರ ಕೈಗೆ ಸಿಗುವುದು ಬಹಳ ಅಪರೂಪ.

ನಾನು ಅಲ್ಲಿದ್ದಾಗಲೇ ಮ್ಯಾನೇಜರ್ ಸರಪಳಿ ಬಿಚ್ಚಿಸಿದರು. ಅದು ನನ್ನ ಮುಂದೆ ಮಾತ್ರವೋ ಎಂದು ನೋಡಲು ಬರುವ ಭಾನುವಾರ ಮ್ಯಾಟ್ನಿಗೆ ಮತ್ತೆ ಹೋಗುತ್ತಿದ್ದೇನೆ. ಹೆಂಗಸರ ಶೌಚಾಲಯ ನೋಡಲು ನಮ್ಮ ಉಪಸಂಪಾದಕಿಯೂ ಜೊತೆಗೆ ಬರುತ್ತಾರೆ. ಮೆಟ್ಟಿಲು ಹತ್ತಲಾಗದವರಿಗೆ ಕೆಳಗಿನ ಕೊನೆಯ ಸಾಲಿನಲ್ಲಿ ಎರಡು ಸೀಟು ಬಿಡಿಸಿಕೊಡುತ್ತೇನೆ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದಾರೆ. ಕಂಡದ್ದನ್ನು ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಬರೆಯುತ್ತೇನೆ. ಎಲ್ಲ ಸರಿಯಿದ್ದರೆ ನಿಮಗೆ ಫೋನ್ ಮಾಡುತ್ತೇನೆ. ನಿಮ್ಮ ಅತ್ತೆಯವರು ಇಂಟರ್ವಲ್ ಆದಮೇಲಿನ ಕಥೆಯನ್ನು ಇನ್ನೂ ನೋಡಿಲ್ಲವಲ್ಲ.

ಸಂಪಾದಕ